ಅಡಿಗೆಮನೆಯ ಹಲಸಿನ ಹಲಗೆ

ತರಕಾರಿ ಹಚ್ಚುವ ಮರದ ಹಲಗೆಯೊಂದು ಇಷ್ಟು ಸೇವೆ ಮಾಡಿಸಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಅದಕ್ಕೆ ಬಿಸಿಲು ಹೆಚ್ಚಾಗಬಾರದು, ನೀರು ಹೆಚ್ಚಾಗಬಾರದು, ಮುಚ್ಚಿಡಬಾರದು, ಮಲಗಿಸಿಡಬಾರದು. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಅಡಿಗೆ, ಡಬ್ಬಿ ಎಲ್ಲ ಮುಗಿಸಿ, ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಓಡಿ, ಜಾವಗಲ್ಲಿನ ಹೈಸ್ಕೂಲಿನಲ್ಲಿ ದಿನವಿಡೀ ಗಣಿತ ಹೇಳಿ, ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ವಾಪಸಾಗುವ ನನಗೆ ಇಷ್ಟು ಉಪಚಾರವನ್ನು ಯಾರೂ ಮಾಡಿದ್ದಿಲ್ಲ.

ಹಲಗೆ ಬಂದದ್ದು ಬೇಲೂರಿನಿಂದ. ಅಲ್ಲಿ ನನ್ನ ಗಂಡನ ತಂಗಿ ಇದ್ದಾಳೆ. ನಾವು ಹಳೆಯ ಅಡಿಗೆಮನೆ ಒಡೆಸಿ ಗ್ರಾನೈಟ್ ಕಟ್ಟೆ ಹಾಕಿಸಿದಾಗ, ಅವಳು ಅರೇಹಳ್ಳಿ ಕಡೆಯ ಸಾಮಿಲ್ಲಿನಲ್ಲಿ ಹಲಸಿನ ಮರದ ಒಂದು ತುಂಡು ಕೊಯ್ಸಿ, ಹತ್ತರಿ ಹೊಡೆಸಿ ನುಣ್ಣಗೆ ಮಾಡಿಸಿ, ಪೇಪರಿನಲ್ಲಿ ಸುತ್ತಿಕೊಂಡು ಬಂದಳು. ಅರಿಶಿನ ಕಲಸಿದ ಹಾಗಿದ್ದ ಬಣ್ಣ. “ಅತ್ತಿಗೆ, ಇನ್ನು ನೆಲದ ಮೇಲೆ ಕೂತು ಹಚ್ಚೋ ಕಷ್ಟ ಇಲ್ಲ. ನಿಂತ್ಕೊಂಡೇ ಟಕಟಕ ಅಂತ ಹಚ್ಚಿ ಬಿಸಾಕಿ” ಎಂದಳು. ನನಗೂ ಅದು ಸರಿ ಅನ್ನಿಸಿತು. ನಿಂತು ಮಾಡುವ ಕೆಲಸವೆಲ್ಲ ಸುಲಭದ ಕೆಲಸ ಎಂದು ನಮಗೆ ಯಾರು ಹೇಳಿಕೊಟ್ಟರೋ ಕಾಣೆ. ಪಾಠವೂ ನಿಂತೇ, ಬಸ್ಸೂ ನಿಂತೇ, ಆಮೇಲೆ ಅಡಿಗೆಯೂ ನಿಂತೇ ಆಯಿತು.

ನಮ್ಮ ಅತ್ತೆ ಆ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಅವರದು ಈಳಿಗೆಮಣೆ. ಕಟ್ಟೆಯ ಕೆಳಗೆ ನೆಲದಲ್ಲಿ ಮಣೆ ಹಾಕಿಕೊಂಡು, ಅದರ ಮೇಲೆ ಒಂದು ಕಾಲು ಮಡಿಸಿ ಕೂತು, ಎದುರಿಗೆ ನಿಂತ ಬಾಗಿದ ಅಲಗಿಗೆ ತರಕಾರಿ ಒತ್ತುತ್ತಾ ಹೋಗುವರು. ಕಣ್ಣು ಎಲ್ಲೋ ಇರುತ್ತಿತ್ತು, ಬಾಯಿ ಬೀದಿಯ ಹೆಂಗಸರ ಜೊತೆ ಇರುತ್ತಿತ್ತು, ಹುರುಳಿಕಾಯಿ ಮಾತ್ರ ಸಾಸಿವೆಗೆ ಸಮನಾಗಿ ಬೀಳುತ್ತಿತ್ತು. ಏಳುವ ಮೊದಲು ಈಳಿಗೆಯನ್ನು ಮಲಗಿಸಿ, ಅಲಗನ್ನು ಗೋಡೆಗೆ ತಿರುಗಿಸಿಯೇ ಏಳಬೇಕು, ಯಾರೂ ಅದನ್ನು ದಾಟಬಾರದು ಎನ್ನುವುದು ಅವರ ಕಟ್ಟಳೆ. ನಾನು ನಿಂತು ಸೊಪ್ಪು ಹಚ್ಚುವಾಗ ಕೆಳಗಿನಿಂದ ತಲೆಯೆತ್ತಿ, “ಮರಕ್ಕೆ ಹೊಡೀತಿದ್ದೀಯೋ ಸೊಪ್ಪಿಗೆ ಹೊಡೀತಿದ್ದೀಯೋ?” ಎಂದು ಕೇಳುತ್ತಿದ್ದರು.

ಹಲಗೆಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮರ ಒಣಗಿ ಬಿಳಿಚಿಕೊಂಡಾಗ ಎಣ್ಣೆ ಹಚ್ಚಬೇಕು ಎಂದು ಎಲ್ಲೋ ಕೇಳಿದ್ದೆ. ನಮ್ಮ ಊರಿನಲ್ಲಿ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ತಲೆಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಅದರಲ್ಲೂ ನನ್ನ ಗಂಡನದು ಕೊಬ್ಬರಿ ಮಂಡಿ ವ್ಯಾಪಾರ, ಮನೆಯಲ್ಲಿ ಎಣ್ಣೆಗೆ ಬರವೇ ಇಲ್ಲ. ಗಾಣದಿಂದ ಬಂದ ಎಣ್ಣೆಯನ್ನು ಎರಡು ಬೊಗಸೆ ಸುರಿದು, ಎರಡೂ ಮಗ್ಗುಲಿಗೆ ಚೆನ್ನಾಗಿ ತಿಕ್ಕಿ, ಧೂಳು ಕೂರದಿರಲಿ ಎಂದು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದೆ. ಮೂರು ವಾರಕ್ಕೆ ಇಡೀ ಅಡಿಗೆಮನೆ ಕಮಟು ವಾಸನೆ. ಸೌತೆಕಾಯಿ ಹಚ್ಚಿದರೂ ಕಮಟು, ಮಾವಿನಹಣ್ಣು ಹಚ್ಚಿದರೂ ಕಮಟು. ಜಾವಗಲ್ಲಿನ ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆಗೆದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುವ ಹಾಗಾಯಿತು.

“ಅದು ಮರ ಕಣೇ, ನಿನ್ ತಲೆ ಅಲ್ಲ, ಎಣ್ಣೆ ತಿಕ್ಕೋಕೆ” ಎಂದು ಅತ್ತೆ ನಕ್ಕರು. ಆಮೇಲೆ ಅವರೇ ಕಲ್ಲುಪ್ಪು, ನಿಂಬೆಹಣ್ಣಿನ ಸಿಪ್ಪೆ ಕೊಟ್ಟು ಉಜ್ಜಿಸಿದರು. ಬಿಸಿನೀರು ಸುರಿದು ತೊಳೆದು, ವಾಸನೆ ಹೋಗಲಿ ಎಂದು ತಾರಸಿಯ ಮೇಲೆ ಬಿಸಿಲಿಗೆ ಮಲಗಿಸಿ ಬಂದೆ. ಸಂಜೆ ನೋಡಿದರೆ ವಾಸನೆಯೇನೋ ಹೋಗಿತ್ತು, ಹಲಗೆಯೂ ಬಾಗಿತ್ತು. ಕಟ್ಟೆಯ ಮೇಲಿಟ್ಟು ಚಾಕು ಊರಿದರೆ ತೊಟ್ಟಿಲಿನ ಹಾಗೆ ಆಡುತ್ತಿತ್ತು. ಅಂದಿನಿಂದ ಅದರ ಕೆಳಗೆ ಒದ್ದೆ ಬಟ್ಟೆ ಮಡಿಸಿಡುವುದು, ಒಂದು ಮಗ್ಗುಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿ, ಇನ್ನೊಂದರಲ್ಲಿ ಹಣ್ಣು, ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ ಗಾಳಿಯಾಡುವ ಕಿಟಕಿಯಲ್ಲಿ ಅಂಚಿನ ಮೇಲೆ ನಿಲ್ಲಿಸುವುದು ಎಂದು ಒಂದೊಂದೇ ಕಲಿತೆ. ಹಾಳುಮಾಡಿ ಹಾಳುಮಾಡಿಯೇ ಕಲಿತದ್ದು.

ಅತ್ತೆಗೆ ಲಕ್ವ ಹೊಡೆದದ್ದು ಅದಾಗಿ ಕೆಲವು ವರ್ಷಕ್ಕೆ, ಯುಗಾದಿ ಕಳೆದ ಬಿಸಿಲಿನಲ್ಲಿ. ಈಳಿಗೆಯ ಮುಂದೆ ಕೂತು ಬದನೆಕಾಯಿ ಹಚ್ಚುತ್ತಿದ್ದವರು ಹಾಗೇ ಎಡಕ್ಕೆ ವಾಲಿದರು. ನಾನು ಒಲೆಯ ಮುಂದಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು ಅವರ ಮುಖವಲ್ಲ, ಮುಖದಿಂದ ಗೇಣು ದೂರದಲ್ಲಿ ನಿಂತಿದ್ದ ಅಲಗು. ಹಾಸನದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದರು. ಮಾತು ಬಂತು, ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು. ಎಡಗೈ ಮಾತ್ರ ಬರಲಿಲ್ಲ. ನೆಲದ ಮೇಲೆ ಕೂರುವುದು ಇನ್ನು ಆಗದ ಮಾತು ಎಂದರು ಡಾಕ್ಟರು. ನಾನು ಆವತ್ತೇ ಈಳಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅವರು ನೋಡುತ್ತಾ ಕೂತಿದ್ದರು, ಬೇಡ ಎನ್ನಲಿಲ್ಲ. ಅವರ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅವರಿಗೆ ಕೆಲಸ ಕೊಡಿ, ಸುಮ್ಮನೆ ಕೂರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಹೇಳಿದ ಮಾತು ಕೇಳುವವಳು ನಾನು. ನಡುಮನೆಯ ಟೀಪಾಯಿಯನ್ನು ಅಡಿಗೆಮನೆಗೆ ಎಳೆದು, ಮುಂದೆ ಕುರ್ಚಿ ಹಾಕಿ, ಟೀಪಾಯಿಯ ಮೇಲೆ ಹಲಸಿನ ಹಲಗೆ, ಅದರ ಕೆಳಗೆ ಒದ್ದೆ ಬಟ್ಟೆ, ಪಕ್ಕದಲ್ಲಿ ಒಂದು ಹಿಡಿ ಹುರುಳಿಕಾಯಿ ಎಲ್ಲ ಅಣಿ ಮಾಡಿದೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ಅತ್ತೆ ಯಾವತ್ತೂ ನನ್ನ ಕೈಯಿಂದ ತೆಗೆದುಕೊಂಡವರಲ್ಲ. ಹಲಗೆಯ ಮೇಲೆ ಇಟ್ಟೆ. ಅಲ್ಲಿಂದ ಬಲಗೈಯಲ್ಲಿ ಎತ್ತಿಕೊಂಡರು.

ಒಂದು ಕಾಯಿ ಹಲಗೆಯ ಮೇಲಿಟ್ಟು ಚಾಕು ಊರಿದರು. ಕಾಯಿ ಉರುಳಿತು. ಮತ್ತೆ ಊರಿದರು. ಅರ್ಧ ತುಂಡು ಸಿಡಿದು ಕಟ್ಟೆಯ ಕೆಳಗೆ ಹೋಯಿತು. ಬದನೆಕಾಯಿ ಕೊಟ್ಟೆ, ಅದು ನೆಲಕ್ಕೇ ಇಳಿಯಿತು. “ಅಭ್ಯಾಸ ಆಗುತ್ತೆ, ಅತ್ತೆ. ದಿನಾ ಹತ್ತು ನಿಮಿಷ ಮಾಡಿ” ಎಂದೆ, ಹೋಂವರ್ಕ್ ಕೊಡುವ ದನಿಯಲ್ಲಿ. ಅವರು ಮಾಡಿದರು. ನಾನು ಸಂಜೆ ಬರುವಷ್ಟರಲ್ಲಿ ಹಲಗೆಯ ಸುತ್ತ ಜಜ್ಜಿದ ಕಾಯಿಗಳು ಬಿದ್ದಿರುತ್ತಿದ್ದವು. ಅವನ್ನು ಆರಿಸಿ, ಹಲಗೆ ತೊಳೆದು, ಬೇರೆ ತರಕಾರಿ ತಂದು ನಾನೇ ಹಚ್ಚಿಕೊಳ್ಳಬೇಕು. ಸುಳ್ಳು ಯಾಕೆ ಹೇಳಲಿ, ಅದು ನನಗೆ ಎರಡು ಕೆಲಸವಾಗುತ್ತಿತ್ತು, ಮುಖದ ಮೇಲೆ ಅದು ಕಾಣುತ್ತಲೂ ಇತ್ತು.

ಒಂದು ದಿನ ಅವರು ಚಾಕುವನ್ನು ಹಲಗೆಯ ಮೇಲೆ ಅಡ್ಡ ಇಟ್ಟು, “ನಂಗಾಗಲ್ಲ ಕಣೇ. ನನ್ ಕತೆ ಮುಗೀತು” ಎಂದರು. ನಾನು ಹಾಗೆಲ್ಲ ಅನ್ನಬೇಡಿ ಎಂದೆ. ಆದರೆ ಒಳಗೊಳಗೇ ಹೌದು, ಮುಗಿಯಿತು ಎಂದುಕೊಂಡೆ. ಟೀಪಾಯಿ ಮತ್ತೆ ನಡುಮನೆಗೆ ಹೋಯಿತು.

ಆಮೇಲೆ ಅವರು ಅಡಿಗೆಮನೆಯ ಹೊಸಿಲು ದಾಟುವುದನ್ನೇ ಬಿಟ್ಟರು. ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸಿ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೆ ಅಲ್ಲೇ. ಮುದ್ದೆ ಬಡಿಸಿದರೆ ಮುರಿದು ಅರ್ಧ ವಾಪಸು ತಟ್ಟೆಯ ಅಂಚಿಗೆ ಇಡುತ್ತಿದ್ದರು. “ಕೂತು ತಿನ್ನೋಳಿಗೆ ಇಷ್ಟು ಸಾಕು” ಎನ್ನುವರು. ಬೀದಿಯ ಹೆಂಗಸರು ಬಂದು ಕರೆದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುವರು. ನನ್ನ ಗಂಡ ಮಂಡಿಯಿಂದ ಬಂದು ಅಮ್ಮನ ಪಕ್ಕ ಐದು ನಿಮಿಷ ಕೂತು, ಏನು ಮಾತಾಡಬೇಕೆಂದು ತಿಳಿಯದೆ ಟಿವಿ ಹಾಕುತ್ತಿದ್ದರು. ನನ್ನ ಪಾಡು ಏನೆಂದರೆ ಬೆಳಿಗ್ಗೆ ಅವರ ಸ್ನಾನ, ಮಾತ್ರೆ, ತಿಂಡಿ, ಅಡಿಗೆ, ಮತ್ತೆ ಬಸ್ಸು. ಬೋರ್ಡಿನ ಮೇಲೆ ಬರೆಯುತ್ತಾ ನಿಂತಲ್ಲೇ ಕಣ್ಣು ಮುಚ್ಚಿ, ಮಕ್ಕಳು ಕಿಸಕ್ಕನೆ ನಕ್ಕಾಗ ಎಚ್ಚರವಾದದ್ದೂ ಉಂಟು.

ಕಾರ್ತೀಕದಲ್ಲಿ ಒಂದು ಬೆಳಿಗ್ಗೆ, ನಾನು ಅವರ ತಲೆ ಬಾಚುತ್ತಿದ್ದೆ. ಅವರು ಗೋಡೆ ನೋಡಿಕೊಂಡೇ ಹೇಳಿದರು: “ನನ್ನನ್ನ ಬೇಲೂರಿಗೆ ಕಳಿಸ್ಬಿಡಿ. ಮಗಳ ಮನೇಲಿ ಕೂತ್ಕೊಂಡು ತಿಂದ್ರೆ ನೆಂಟಳು ಅಂತಾರೆ. ಇಲ್ಲಿ ಕೂತ್ಕೊಂಡು ತಿಂದ್ರೆ ಏನಂತಾರೆ?”

“ಹೂಂ ಅತ್ತೆ” ಎಂದೆ.

ಅವರ ಮಾತು ಮುಗಿಯುವುದಕ್ಕೂ ನನ್ನ ಹೂಂಗೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ಇಲ್ಲ, ಎಲ್ಲಿಗೆ ಹೋಗ್ತೀರಿ, ಇದು ನಿಮ್ಮ ಮನೆ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಬಂದದ್ದು ಬರೀ ಒಂದು ಲೆಕ್ಕ: ಅವರು ಹೋದರೆ ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗಬಹುದು. ಅವರು ತಲೆ ಹೊರಳಿಸಿ ನನ್ನನ್ನು ಒಂದು ಗಳಿಗೆ ನೋಡಿದರು. ನಾನು ಬಾಚಣಿಗೆಯಲ್ಲಿ ಸಿಕ್ಕ ಕೂದಲು ಬಿಡಿಸುತ್ತಾ ನಿಂತೆ. ಬರುವ ಭಾನುವಾರ ಬಂದು ಕರೆದುಕೊಂಡು ಹೋಗುವುದಾಗಿ ನಾದಿನಿ ಫೋನಿನಲ್ಲಿ ಒಪ್ಪಿದಳು. ನನ್ನ ಗಂಡ ಕೇಳಿ, “ಅಮ್ಮನಿಗೇ ಹೋಗ್ಬೇಕು ಅಂತಿದ್ರೆ ಹೋಗ್ಲಿ” ಎಂದರು, ಮುಖ ಮಾತ್ರ ಸಣ್ಣಗಾಯಿತು.

ಅದೇ ವಾರ ಹಲಗೆ ಒಡೆಯಿತು. ಗುರುವಾರ ಬಸ್ಸಿನ ಗಡಿಬಿಡಿಯಲ್ಲಿ ಅದನ್ನು ಸಿಂಕಿನ ನೀರಿನಲ್ಲೇ ಬಿಟ್ಟು ಹೋಗಿದ್ದೆ. ಸಂಜೆಗೆ ಊದಿಕೊಂಡಿತ್ತು. ಇಷ್ಟು ವರ್ಷ ಕಲಿತದ್ದನ್ನೆಲ್ಲ ಮರೆತು, ಶುಕ್ರವಾರ ಅದನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಮರಕ್ಕೆ ಎಷ್ಟು ತಾಳ್ಮೆ ಇದ್ದೀತು? ಉದ್ದಕ್ಕೂ ಸೀಳಿ ಎರಡು ತುಂಡಾಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದವಳು, ಬೇರೆ ದಾರಿ ಕಾಣದೆ ಅಟ್ಟದಿಂದ ಈಳಿಗೆ ಇಳಿಸಿದೆ. ಗೋಣಿ ಬಿಚ್ಚಿ, ಒರೆಸಿ, ನೆಲದ ಮೇಲೆ ಮಂಡಿ ಮಡಿಸಿ ಕೂತೆ. ಎಷ್ಟೋ ವರ್ಷವಾಗಿತ್ತು ಹಾಗೆ ಕೂತು. ಮಂಡಿ ಲಟಕ್ಕೆಂದಿತು, ಸೊಂಟ ಅಯ್ಯೋ ಎಂದಿತು.

ನಾಲ್ಕು ಕಾಯಿ ಹಚ್ಚಿರಲಿಲ್ಲ, ನಾದಿನಿಯ ಫೋನು. “ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡ್ತೀನಿ ಅತ್ತಿಗೆ. ಹಳೇಬೀಡು ಮೇಲೆ ಬರೋ ಬಸ್ಸು, ಹತ್ತೂವರೆಗೆಲ್ಲಾ ಅಲ್ಲಿರ್ತೀನಿ. ಅಮ್ಮನ ಸ್ವೆಟರ್, ಮಾತ್ರೆ ಚೀಟಿ ಮರೀಬೇಡಿ. ರಾತ್ರಿ ಎದ್ದೇಳ್ತಾರಾ? ಕಾಫಿಗೆ ಸಕ್ಕರೆ ಹಾಕಬಹುದಾ?” ಅವಳು ಕೇಳುತ್ತಾ ಹೋದಳು, ನಾನು ಹೂಂ, ಇಲ್ಲ, ಹಾಕಬಹುದು ಎನ್ನುತ್ತಾ ಹೋದೆ. ಫೋನು ಇಟ್ಟು ನೋಡಿದರೆ ತಟ್ಟೆ ತುಂಬ ಹುರುಳಿಕಾಯಿ ಹಚ್ಚಿ ಬಿದ್ದಿತ್ತು.

ಅಷ್ಟು ಹೊತ್ತೂ ಫೋನು ಇದ್ದದ್ದು ನನ್ನ ಎಡಗೈಯಲ್ಲಿ.

ನಾನು ಎದ್ದೇಳದೆ ಹಾಗೇ ಕೂತೆ. ಇನ್ನೊಂದು ಕಾಯಿ ತೆಗೆದುಕೊಂಡು ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಲ್ಲಿ ಅಲಗಿಗೆ ಒತ್ತಿದೆ. ಕಚ್ಚನೆ ಕತ್ತರಿಸಿ ಬಿತ್ತು. ಹಲಗೆಯ ಮೇಲೆ ಹಚ್ಚಬೇಕಾದರೆ ಒಂದು ಕೈ ಹಿಡಿಯಬೇಕು, ಒಂದು ಕೈ ಚಾಕು ಆಡಿಸಬೇಕು. ಈಳಿಗೆಯಲ್ಲಿ ಅಲಗು ಕದಲುವುದೇ ಇಲ್ಲ, ಕಾಯಿ ತಾನೇ ಅದರ ಹತ್ತಿರ ಹೋಗುತ್ತದೆ. ಮಣೆ ಅಲುಗದ ಹಾಗಿದ್ದರೆ ಕೈ ಒಂದೇ ಸಾಕು, ನೆಲದ ಮೇಲೇ ಕೂರಬೇಕೆಂದೂ ಇಲ್ಲ. ಒಂದು ಕೈ ಇರುವ ಹೆಂಗಸಿನಿಂದ ಒಂದು ಕೈಯ ಸಾಮಾನು ಕಿತ್ತು ಅಟ್ಟಕ್ಕೆ ಹಾಕಿ, ಎರಡು ಕೈಯ ಸಾಮಾನು ಕೊಟ್ಟು, ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿ ಎಂದಿದ್ದೆ. ಗಣಿತದ ಟೀಚರು ನಾನು. ಒಂದು, ಎರಡು ಎಣಿಸುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಟೀಪಾಯಿಯನ್ನು ಮತ್ತೆ ಅಡಿಗೆಮನೆಗೆ ಎಳೆದು, ಪಕ್ಕದ ಬೀದಿಯ ಬಡಗಿ ಆಚಾರಿಯವರನ್ನು ಕರೆದುಕೊಂಡು ಬಂದೆ. ಟೀಪಾಯಿಯ ಮೇಲೆ ಈಳಿಗೆ ಕೂರಿಸಿ ಅಲುಗದ ಹಾಗೆ ಬಿಗಿಯಬೇಕು ಎಂದರೆ ಅವರು ನನ್ನ ಮುಖ ನೋಡಿದರು. “ಈಳಿಗೆ ಮೇಲೆ ಇಡೋ ಸಾಮಾನಾ ಅಮ್ಮಾ? ಎಲ್ಲಾದ್ರೂ ಕಂಡಿದ್ದೀರಾ?” ಕಂಡಿಲ್ಲ, ಆದರೂ ಬಿಗಿಯಿರಿ ಎಂದೆ. ಸೀಳಿದ ಹಲಗೆಯ ದೊಡ್ಡ ತುಂಡನ್ನು ಅವರೇ ಎತ್ತಿ ನೋಡಿ, ಅದನ್ನು ಕೆಳಗೆ ಕೊಟ್ಟು, ಅದರ ಮೇಲೆ ಈಳಿಗೆಯ ಮಣೆ ಇಟ್ಟು, ನಾಲ್ಕು ಮೂಲೆಗೂ ಉದ್ದನೆಯ ಸ್ಕ್ರೂ ಇಳಿಸಿದರು. ಕೆಲಸವಿಲ್ಲದಾಗ ಅಲಗು ಮುಚ್ಚಲು ಹಳೆಯ ಪೈಪಿನ ತುಂಡೊಂದನ್ನು ಸೀಳಿ ತೊಡಿಸಿದರು. ಅಷ್ಟರಲ್ಲಿ ನನ್ನ ಗಂಡ ಬಂದರು.

“ಇದೇನಿದು? ಅಮ್ಮ ಕೈ ಕುಯ್ಕೊಂಡ್ರೆ?”

“ಕುಯ್ಕೋಬಹುದು” ಎಂದೆ.

“ಆಮೇಲೆ ಯಾರು ಜವಾಬ್ದಾರಿ?”

“ನಾನೇ.” ಅಮ್ಮನನ್ನು ಕೈ ಹಿಡಿದು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದವರು ನನ್ನ ಗಂಡನೇ.

ಅತ್ತೆ ಟೀಪಾಯಿಯ ಮೇಲಿನ ಈಳಿಗೆಯನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ. ಇದೂ ಆಗದೆ ಹೋದರೆ ಆಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಕೊನೆಗೆ ಬಲಗೈಯ ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಡ್ಡ ಆಡಿಸಿದರು.

“ಮೊಂಡಾಗೈತೆ” ಎಂದರು. “ಸಾಣೆ ಹಿಡ್ಸಿಲ್ವಾ?”

ಅಟ್ಟದ ಮೇಲೆ ಇರುವ ಈಳಿಗೆಗೆ ಯಾರು ಸಾಣೆ ಹಿಡಿಸುತ್ತಾರೆ ಎಂದು ಬಾಯಿಯ ತುದಿಗೆ ಬಂದಿತ್ತು. ತಡೆದುಕೊಂಡು, ಮೂರು ಕಾಯಿ ಅವರ ಮುಂದಿಟ್ಟೆ. ಒಂದನ್ನು ಹಿಡಿದು ಅಲಗಿಗೆ ಒತ್ತಿದರು. ತುಂಡಾಯಿತು. ಎರಡನೆಯದು ಕೈ ಜಾರಿ ಅಲಗಿನ ಕಡೆ ಬೆರಳು ಹೋದಾಗ ನನ್ನ ಕೈ ತಾನಾಗಿ ಮುಂದೆ ಬಂತು. “ಕೈ ತೆಗಿ” ಎಂದು ಗದರಿದರು. ಎಂಟು ತಿಂಗಳಿಂದ ಅವರು ನನ್ನನ್ನು ಗದರಿರಲಿಲ್ಲ. ಗದರಿಸಿಕೊಂಡು ಅಷ್ಟು ಹಿತವಾದದ್ದು ನನಗೆ ಅದೇ ಮೊದಲು. ಮೂರನೆಯ ಕಾಯಿಗೆ ಲಯ ಸಿಕ್ಕಿತು. ತುಂಡುಗಳು ಸಾಸಿವೆಯಂತೇನೂ ಇರಲಿಲ್ಲ, ದಪ್ಪ ದಪ್ಪ, ಸೊಟ್ಟ ಸೊಟ್ಟ. ಆ ರಾತ್ರಿ ಅವನ್ನೂ ಸೇರಿಸಿಯೇ ಪಲ್ಯ ಮಾಡಿದೆ.

ಭಾನುವಾರ ನಾದಿನಿ ಬರುವ ಹೊತ್ತಿಗೆ ಅತ್ತೆಯ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ನಾನು ಬಿಚ್ಚಿರಲಿಲ್ಲ, ಬಿಚ್ಚು ಎಂದು ಅವರೂ ಹೇಳಿರಲಿಲ್ಲ. ಅತ್ತೆ ಅಡಿಗೆಮನೆಯಲ್ಲಿ ಸೋರೆಕಾಯಿ ಹಚ್ಚುತ್ತಾ ಕೂತಿದ್ದರು. ನಾದಿನಿ ಟೀಪಾಯಿಯ ಮೇಲಿನ ಈಳಿಗೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸಾಕು ಬಿಡಮ್ಮ, ಹೊರಡೋಣ. ಹನ್ನೆರಡಕ್ಕೆ ಬಸ್ಸೈತೆ” ಎಂದಳು.

ಅತ್ತೆ ತಲೆಯೆತ್ತಲಿಲ್ಲ. “ನಾನು ಬತ್ತೀನಿ ಅಂದ್ರೆ ಇಲ್ಲಿ ತರಕಾರಿ ಹಚ್ಚೋರ್ಯಾರು? ಇವ್ಳು ಏಳೂವರೆಗೆ ಬಸ್ ಹಿಡೀಬೇಕು” ಎಂದರು. “ನೀನು ಊಟ ಮಾಡ್ಕೊಂಡು ಹೋಗು.”

ನನಗೆ ಸಂತೋಷವಾಯಿತು ಎಂದು ಬರೆದರೆ ಅದು ಅರ್ಧ ನಿಜ. ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ, ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗುವ ಆಸೆ ಹೋಯಿತಲ್ಲ ಎಂದು ಒಳಗೆ ಏನೋ ಕುಸಿದು ಕೂತಿತು. ಸ್ನಾನ, ಮಾತ್ರೆ, ತಲೆ ಬಾಚುವುದು ಎಲ್ಲ ಹಾಗೇ ಇರುತ್ತದೆ. ಕಡಿಮೆಯಾದದ್ದು ತರಕಾರಿ ಹಚ್ಚುವ ಕೆಲಸ ಒಂದೇ. ಎರಡೂ ಒಟ್ಟಿಗೆ ಆಗುತ್ತದೆ ಮನುಷ್ಯರಿಗೆ, ಏನು ಮಾಡುವುದು.

ನಾದಿನಿ ಊಟ ಮಾಡಿ, ಅಣ್ಣನ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋದಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಪಾತ್ರೆ ತೊಳೆದು, ಕಟ್ಟೆ ಒರೆಸಿ, ಸಂಜೆಯ ಸಾರಿಗೆ ದಂಟಿನಸೊಪ್ಪು ಹಚ್ಚಬೇಕೆಂದು ಸೊಪ್ಪಿನ ಕಟ್ಟಿಗೆ ಕೈ ಹಾಕಿದೆ. ಅತ್ತೆ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು.

“ಅವತ್ತು ನಾನು ಹೋಗ್ತೀನಿ ಅಂದಾಗ ನೀನು ಹೂಂ ಅಂದ್ಯಲ್ಲ” ಎಂದರು.

ನಾನು ಸೊಪ್ಪಿನ ಕಟ್ಟು ಹಿಡಿದು ನಿಂತೆ. ಏನು ಹೇಳಿದರೂ ಅದು ಸುಳ್ಳಾಗುತ್ತಿತ್ತು.

“ಅಷ್ಟು ಬೇಗ ಹೂಂ ಅಂದ್ಯಲ್ಲ, ಆಗ್ಲೇ ತಿಳೀತು ಕಣೇ ನಂಗೆ, ನಿಂಗೆ ಎಷ್ಟು ಸುಸ್ತಾಗೈತೆ ಅಂತ.” ಬಲಗೈ ಚಾಚಿದರು. “ತಾ ಇಲ್ಲಿ ಸೊಪ್ಪು. ಹೋಗಿ ಒಂದ್ ಗಳಿಗೆ ಮಲಿಕ್ಕೋ.”

ಕಟ್ಟನ್ನು ಅವರ ಕೈಗೆ ಕೊಟ್ಟು, ಹೋಗಿ ಮಲಗಿದೆ.